ಹೊಳೆಯ ಸುದ್ದಿ ತರುತ್ತಿದ್ದ ಫೀಡು

ಜಂಭ ಪಡಲು ನನ್ನ ಬಳಿ ಹೆಚ್ಚೇನೂ ಇರಲಿಲ್ಲ. ಜಮಖಂಡಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯ ಕೆಲಸ, ಬಾಡಿಗೆಯ ಎರಡು ಕೋಣೆ, ಬಿಟ್ಟೂ ಬಿಡದ ಬೆನ್ನುನೋವು. ಇದ್ದ ಒಂದೇ ಜಂಭವೆಂದರೆ, ಸುದ್ದಿಯನ್ನು ಹುಡುಕಿಕೊಂಡು ನಾನು ಹೋಗುವುದಿಲ್ಲ, ಸುದ್ದಿಯೇ ನನ್ನನ್ನು ಹುಡುಕಿಕೊಂಡು ಬರುತ್ತದೆ ಎನ್ನುವುದು. ಆ ಜಂಭ ನನ್ನ ಅಕ್ಕನ ಗಂಡನ ಜೀವ ತೆಗೆದುಕೊಂಡಿತು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಟ್ಟಿದ್ದೇನೆ.

ಫೀಡ್ ಎಂದರೇನೆಂದು ಕೇಳುವವರು ಈಗಲೂ ಇದ್ದಾರೆ. ಒಂದು ಜಾಲತಾಣ ನಿಮಗೆ ಇಷ್ಟವಾಯಿತು ಎನ್ನಿ. ಅಲ್ಲಿ ಹೊಸದೇನಾದರೂ ಬಂತೇ ಎಂದು ದಿನಾ ಹೋಗಿ ಇಣುಕಬೇಕಾಗಿಲ್ಲ. ಅದರ ಫೀಡಿನ ವಿಳಾಸವನ್ನು ಫೀಡ್ ರೀಡರಿಗೆ ಒಮ್ಮೆ ಕೊಟ್ಟರೆ ಸಾಕು. ಅಲ್ಲಿ ಹೊಸ ಬರಹ ಬಿದ್ದ ಸ್ವಲ್ಪ ಹೊತ್ತಿಗೆ ಇಲ್ಲಿ ನಿಮ್ಮ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಓದದೆ ಉಳಿದದ್ದು ಎಷ್ಟು ಎಂಬ ಅಂಕಿಯೂ ಪಕ್ಕದಲ್ಲಿ ಇರುತ್ತದೆ. ಜಾಹೀರಾತಿಲ್ಲ, ಗದ್ದಲವಿಲ್ಲ, ಯಾರು ಯಾರಿಗೆ ಲೈಕ್ ಒತ್ತಿದರೆಂಬ ಪಂಚಾಯಿತಿಕೆಯಿಲ್ಲ. ಬರೆದವರು ಬರೆದ ಕ್ರಮದಲ್ಲಿ, ಬರೆದಷ್ಟು.

ಇದನ್ನು ನಾನು ಕಲಿತದ್ದು ಮುಧೋಳದಲ್ಲಿ ನಡೆದ ಎರಡು ದಿನಗಳ ತರಬೇತಿಯಲ್ಲಿ. ಪಾಠ ಹೇಳಲು ಬಂದಿದ್ದವರು ಊಟದ ಹೊತ್ತಿಗೆ ಹತ್ತು ನಿಮಿಷ ಮೊದಲು ಈ ವಿಷಯ ಎತ್ತಿದರು. ಅಷ್ಟರಲ್ಲಿ ಹೊರಗಿನಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರತೊಡಗಿತ್ತು. ಉಳಿದ ಗ್ರಂಥಪಾಲಕರೆಲ್ಲ ಪುಸ್ತಕ ಮುಚ್ಚಿ ಬಾಗಿಲ ಕಡೆ ನೋಡುತ್ತಿದ್ದರು. ಬರೆದುಕೊಂಡವಳು ನಾನೊಬ್ಬಳೇ. ಊರಿಗೆ ಬಂದು ಮೂರು ದಿನದಲ್ಲಿ ಇಪ್ಪತ್ತು ತಾಣ ಸೇರಿಸಿದೆ, ವರ್ಷ ಕಳೆಯುವುದರೊಳಗೆ ಅವು ನೂರು ದಾಟಿದವು. ಕನ್ನಡದ ಬ್ಲಾಗುಗಳು, ಹಳೆಯ ಶಾಸನಗಳ ಚಿತ್ರ ಹಾಕುವ ಒಬ್ಬ ಮೇಷ್ಟ್ರು, ಬರೀ ಜೋಳದ ಅಡುಗೆಗಳನ್ನೇ ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳು, ಹಕ್ಕಿ ನೋಡುವವರು, ಮದ್ದಿನ ಗಿಡ ಬಲ್ಲವರು. ಬೆಳಿಗ್ಗೆ ಚಹಾ ಕುಡಿಯುತ್ತ ಆ ಪಟ್ಟಿ ತೆರೆದರೆ ನನ್ನ ಮನೆಯ ಪಡಸಾಲೆಯಲ್ಲಿ ಜನ ಕೂತಂತೆ ಅನ್ನಿಸುತ್ತಿತ್ತು. ಒಂಟಿ ಹೆಂಗಸಿಗೆ ಅದು ಸಣ್ಣ ಸುಖವಲ್ಲ.

ಹಾಗೆಂದು ಅವರೆಲ್ಲ ಉಳಿದರೆಂದಲ್ಲ. ಬ್ಲಾಗು ಬರೆಯುವ ಹುಮ್ಮಸ್ಸು ಎಲ್ಲರಿಗೂ ಎರಡು ವರ್ಷ ಇರುತ್ತದೆ. ಒಬ್ಬೊಬ್ಬರಾಗಿ ನಿಲ್ಲಿಸಿದರು. ಯಾರೂ ಹೋಗಿ ಬರುತ್ತೇನೆ ಎಂದು ಹೇಳಿ ನಿಲ್ಲಿಸಲಿಲ್ಲ. ಜೋಳದ ಹೆಣ್ಣುಮಗಳ ಕೊನೆಯ ಬರಹ ಹುಳಿ ನುಚ್ಚಿನ ಮೇಲಿತ್ತು, ಅದರ ಕೆಳಗೆ ‘ಉಳಿದದ್ದು ನಾಳೆ’ ಎಂದಿತ್ತು. ನಾನು ಬಳಸುತ್ತಿದ್ದ ರೀಡರ್ ಕೂಡ ಒಂದು ದಿನ ಮುಚ್ಚಿತು. ಪಟ್ಟಿಯನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದೆ. ಬರೆಯದವರ ಹೆಸರುಗಳನ್ನು ಅಳಿಸಲು ಮನಸ್ಸಾಗದೆ ಅವನ್ನೂ ಜೊತೆಗೇ ಒಯ್ದೆ. ಆಗ ಅದನ್ನು ದೊಡ್ಡ ಮನಸ್ಸು ಎಂದುಕೊಂಡಿದ್ದೆ.

ಆ ಪಟ್ಟಿಯಲ್ಲಿ ನನಗೆ ಎಲ್ಲರಿಗಿಂತ ಬೇಕಾಗಿದ್ದವರು ಗಡಿಯಾಚೆಯ ಒಬ್ಬ ಮುದುಕರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಳೆಗಾಲದಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಮರಾಠಿಯಲ್ಲಿ ಅರ್ಧ ಪುಟ ಬರೆಯುತ್ತಿದ್ದರು. ಘಟ್ಟದಲ್ಲಿ ಎಷ್ಟು ಮಳೆ, ಯಾವ ಜಲಾಶಯ ಎಷ್ಟು ತುಂಬಿದೆ, ಎಷ್ಟು ನೀರು ಬಿಡುತ್ತಿದ್ದಾರೆ, ಅದು ಕೆಳಗಿನ ಊರುಗಳನ್ನು ಯಾವಾಗ ಮುಟ್ಟುತ್ತದೆ. ಕೊನೆಗೆ ಎರಡು ಸಾಲು ತಮ್ಮ ಮೊಣಕಾಲಿನ ಬಗ್ಗೆಯೋ, ಮನೆಯ ಬೆಕ್ಕಿನ ಬಗ್ಗೆಯೋ. ನಮ್ಮವ್ವ ಬನಹಟ್ಟಿಯವಳು. ಅವಳ ತವರಿನಲ್ಲಿ ಮಗ್ಗದ ಸದ್ದಿನ ಮೇಲೆ ಧ್ವನಿ ಏರಿಸಿ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುತ್ತಿದ್ದರು, ಹಾಗಾಗಿ ನನಗೆ ಮರಾಠಿ ಓದಲು ತೊಡಕಿಲ್ಲ. ಈ ಮುದುಕರನ್ನು ನಾನು ಎಂದೂ ನೋಡಿಲ್ಲ. ಆದರೂ ನನ್ನ ಹಿರಿಯರೊಬ್ಬರು ಅಲ್ಲಿದ್ದಾರೆ ಎಂಬ ಭಾವನೆ ಇತ್ತು.

ಅವರ ಬರಹ ನನಗೇಕೆ ಬೇಕಿತ್ತೆಂದರೆ, ನನ್ನ ಅಕ್ಕನನ್ನು ಕೊಟ್ಟದ್ದು ಗಲಗಲಿಗೆ. ಕೃಷ್ಣೆಯ ದಂಡೆಯ ಮೇಲೆ ಅವರ ಹೊಲ. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಹೊಲಕ್ಕೆ ನೀರೆತ್ತುವ ಮಾಮಾನ ಮೋಟರು ಹೊಳೆಯ ಅಂಚಿನಲ್ಲೇ ಕೂತಿರುತ್ತಿತ್ತು, ಅವನದೊಂದೇ ಅಲ್ಲ, ಸಾಲಾಗಿ ಏಳೆಂಟು ಜನರವು. ನೀರು ಇಳಿದಂತೆ ಮೋಟರನ್ನು ಕೆಳಗೆ ಇಳಿಸಬೇಕು, ಏರಿದಂತೆ ಮೇಲೆ ಎತ್ತಬೇಕು. ಪೈಪಿನ ಬೋಲ್ಟು ಬಿಚ್ಚಿ, ಹಗ್ಗ ಕಟ್ಟಿ, ಬೊಂಬು ತೂರಿಸಿ ನಾಲ್ಕು ಜನ ಹೆಗಲು ಕೊಟ್ಟರೆ ಒಂದು ಮೋಟರು ಏಳುತ್ತದೆ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಅಲ್ಲಿ ಮುಯ್ಯಿಯ ಪದ್ಧತಿ: ಇವತ್ತು ನಿನ್ನದಕ್ಕೆ ನಾನು, ನನ್ನದಕ್ಕೆ ನೀನು. ಎತ್ತಿದರೆ ಸಾಲಿನವರೆಲ್ಲ ಒಂದೇ ದಿನ ಎತ್ತುತ್ತಾರೆ.

ಹೊರಗಿನವರಿಗೆ ಒಂದು ಮಾತು ಅರ್ಥವಾಗುವುದಿಲ್ಲ. ನಮ್ಮ ಕಡೆ ಪ್ರವಾಹ ಬರುವಾಗ ಮಳೆ ಇರುವುದಿಲ್ಲ. ಆಕಾಶ ಬೆಳ್ಳಗಿರುತ್ತದೆ, ಗಾಳಿ ಬೀಸುತ್ತಿರುತ್ತದೆ, ಅರಿಶಿನದ ಸಸಿಗಳು ನೀರಿಗೆ ಬಾಯಿ ಬಿಡುತ್ತಿರುತ್ತವೆ. ಅದೇ ಹೊತ್ತಿಗೆ ಎಲ್ಲೋ ಘಟ್ಟದಲ್ಲಿ ಸುರಿದದ್ದು ಎರಡು ದಿನ ನಡೆದು ನಮ್ಮ ದಂಡೆಗೆ ಬರುತ್ತದೆ. ಮೋಟರು ಬೇಗ ಎತ್ತಿದರೆ ಬೆಳೆ ಬಾಡುತ್ತದೆ, ತಡ ಮಾಡಿದರೆ ಮೋಟರು ಹೋಗುತ್ತದೆ. ಮಾಮಾನ ಅಪ್ಪ ದಿನಕ್ಕೆ ಎರಡು ಸಲ ಹೊಳೆಯ ಘಾಟಿನ ಮೆಟ್ಟಿಲ ಬಳಿ ನಿಂತು ನೀರು ನೋಡಿಕೊಂಡೇ ಇದನ್ನು ನಿರ್ಧರಿಸುತ್ತಿದ್ದನಂತೆ. ಮಾಮಾ ಮೊದಮೊದಲು ಹಾಗೇ ಮಾಡುತ್ತಿದ್ದ. ಆಮೇಲೆ ನಾನು ಬಂದೆ, ನನ್ನ ಫೀಡು ತಗೊಂಡು.

ಒಂದು ಮಳೆಗಾಲ ಸುಮ್ಮನೆ ಫೋನಿನಲ್ಲಿ ಓದಿ ಹೇಳಿದೆ. ‘ನಾಳೆ ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆಂದು ಬರೆದಿದ್ದಾರೆ’ ಎಂದೆ. ಮಾಮಾ ನಕ್ಕ. ಆದರೂ ಯಾವುದಕ್ಕೂ ಇರಲಿ ಎಂದು ಸಾಲಿನವರನ್ನು ಕರೆದು ಮೋಟರು ಎತ್ತಿಸಿದ. ಮರುದಿನ ಊಟದ ಹೊತ್ತಿಗೆ ನೀರು ಬಂತು. ಅಲ್ಲಿಂದ ಮಳೆಗಾಲ ಪೂರ್ತಿ ಬೆಳಿಗ್ಗೆ ಏಳೂವರೆಗೆ ಫೋನು ಖಾಯಂ ಆಯಿತು.

“ಏನ್ರಿ ಬಾಯಾರ, ಹೊಳಿ ಏನಂತೈತಿ ಇವತ್ತ?”

ಬಾಯಾರು ಎಂದು ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುತ್ತಾರೆ. ನಾನು ಕಲಿಸುವವಳಲ್ಲ, ಪುಸ್ತಕ ಕೊಟ್ಟು ತಗೊಳ್ಳುವವಳು. ಅವನಿಗೆ ಅದೆಲ್ಲ ಒಂದೇ. ನಾನು ಮರಾಠಿಯದನ್ನು ಅಲ್ಲೇ ಕನ್ನಡ ಮಾಡಿ ಓದುತ್ತಿದ್ದೆ. ಬೆಕ್ಕಿನ ಸುದ್ದಿಯನ್ನೂ ಬಿಡುವಂತಿರಲಿಲ್ಲ. “ಮುದುಕರ ಮೊಣಕಾಲ ಹೆಂಗೈತಿ?” ಎಂದು ಅವನೇ ಕೇಳುತ್ತಿದ್ದ. ಎರಡು ಮೂರು ವರ್ಷದಲ್ಲಿ ಸಾಲಿನ ಉಳಿದವರೂ ಮಾಮಾನ ಬಾಯಿ ಕಾಯತೊಡಗಿದರು. ಅವನು ಎತ್ತೋಣ ಎಂದರೆ ಎತ್ತುವುದು, ಬೇಡ ಎಂದರೆ ಬೇಡ. ಹೊಳೆ ನೋಡಲು ಯಾರೂ ಹೋಗುತ್ತಿರಲಿಲ್ಲ. ನಾನು ಹಬ್ಬಕ್ಕೆ ಹೋದಾಗ ದಾರಿಯಲ್ಲಿ ಸಿಕ್ಕ ಗಂಡಸರು ಕೈ ಮುಗಿದದ್ದುಂಟು. ನನಗೆ ತಲೆ ತಿರುಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಮುದುಕರದು ಒಂದು ರೂಢಿ ಇತ್ತು. ಹೇಳುವಂಥದ್ದೇನೂ ಇಲ್ಲದ ದಿನ ಅವರು ಬರೆಯುತ್ತಿರಲಿಲ್ಲ. ‘ಸುದ್ದಿಯಿಲ್ಲದೆ ನಿಮ್ಮ ಸಮಯ ತಿನ್ನುವುದಿಲ್ಲ’ ಎಂದು ಒಮ್ಮೆ ಬರೆದೂ ಇದ್ದರು. ಮಳೆ ಹಿಂದೆ ಸರಿದ ವರ್ಷ ಹತ್ತು ಹನ್ನೆರಡು ದಿನ ಸುಮ್ಮನಿದ್ದದ್ದುಂಟು. ಫೀಡಿನಲ್ಲಿ ಅವರ ಹೆಸರಿನ ಪಕ್ಕ ಅಂಕಿ ಇಲ್ಲದಿದ್ದರೆ ಹೊಳೆ ತಣ್ಣಗಿದೆ ಎಂದು ನಾನು ಓದಿಕೊಳ್ಳುತ್ತಿದ್ದೆ. ಆವರೆಗೆ ಅದು ತಪ್ಪಾಗಿರಲಿಲ್ಲ.

ಆ ವರ್ಷ ಮಳೆಗಾಲದ ಮೊದಲಿಗೇ ನಮ್ಮ ಕಾಲೇಜಿಗೆ ತಪಾಸಣೆಯ ಸಮಿತಿ ಬರುವುದಿತ್ತು. ಎರಡು ವಾರ ನನಗೆ ಉಸಿರಾಡಲು ಬಿಡುವಿರಲಿಲ್ಲ. ಕಪಾಟುಗಳಿಗೆ ಬಣ್ಣ, ಪುಸ್ತಕಗಳಿಗೆ ಹೊಸ ಚೀಟಿ, ಯಾರೂ ಮುಟ್ಟದ ವಿಶ್ವಕೋಶಗಳ ಧೂಳು. ಸಮಿತಿಯವರು ಗ್ರಂಥಾಲಯದಲ್ಲಿ ಕಾಲಿಟ್ಟು ಫ್ಯಾನು ಜೋರು ಮಾಡಿಸಿಕೊಂಡು ಐದು ನಿಮಿಷದಲ್ಲಿ ಹೊರಟುಹೋದರು. ಮರುದಿನ ಬೆಳಿಗ್ಗೆ ಹಾಯೆಂದು ಚಹಾ ಹಿಡಿದು ಫೀಡ್ ರೀಡರ್ ತೆರೆದರೆ ಓದದೆ ಉಳಿದದ್ದು ಆರು ನೂರಕ್ಕೂ ಹೆಚ್ಚು. ಅರ್ಧಕ್ಕರ್ಧ ಸುದ್ದಿತಾಣಗಳ ಕಸ. ನೋಡಿಯೇ ಸುಸ್ತಾಯಿತು. ಮೇಲೆ ಮೂಲೆಯಲ್ಲಿ ಒಂದು ಗುಂಡಿ ಇರುತ್ತದೆ, ‘ಎಲ್ಲ ಓದಿದೆ ಎಂದು ಗುರುತು ಹಾಕು’ ಎಂದು. ಒತ್ತಿದೆ. ಅಂಕಿ ಸೊನ್ನೆಯಾಯಿತು. ಮನೆ ಗುಡಿಸಿದಷ್ಟು ಸಮಾಧಾನವಾಯಿತು.

ಓದದೆ ಓದಿದೆ ಎಂದು ಗುರುತು ಹಾಕಿದ ಆ ಆರು ನೂರರಲ್ಲಿ ಮುದುಕರ ಒಂದು ಬರಹ ಇತ್ತು. ನಾಲ್ಕೇ ಸಾಲು. ‘ನಾಳೆಯಿಂದ ಹೊಸ ವಿಳಾಸದಲ್ಲಿ ಬರೆಯುತ್ತೇನೆ. ಮಗಳು ಹೊಸ ಪುಟ ಮಾಡಿಕೊಟ್ಟಿದ್ದಾಳೆ. ಈ ಹಳೆಯ ಫೀಡಿನಲ್ಲಿ ಇನ್ನು ಮುಂದೆ ಏನೂ ಬರುವುದಿಲ್ಲ. ದಯವಿಟ್ಟು ಬದಲಿಸಿಕೊಳ್ಳಿ.’

ಇದು ನನಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಇಷ್ಟೇ, ಮುದುಕರು ಬರೆಯುತ್ತಿಲ್ಲ, ಅಂದರೆ ಮಳೆ ಇಲ್ಲ. ಜೂನ್ ಕಳೆಯಿತು, ಜುಲೈ ಅರ್ಧ ಸರಿಯಿತು. ಬೆಳಿಗ್ಗೆ ಏಳೂವರೆಗೆ ಮಾಮಾನ ಫೋನು ಬರುತ್ತಲೇ ಇತ್ತು. “ಇವತ್ತೂ ಏನಿಲ್ರಿ” ಎನ್ನುತ್ತಿದ್ದೆ. “ಮುದುಕರು ಎಲ್ಲೆರ ತೀರ್ಥಯಾತ್ರೆಗೆ ಹೋಗ್ಯಾರೇನ?” ಎಂದು ಅವನು ಚೇಷ್ಟೆ ಮಾಡಿದ. ನಾನೂ ನಕ್ಕೆ. ಅಷ್ಟು ದಿನಗಳಲ್ಲಿ ಒಮ್ಮೆಯಾದರೂ ಆ ಹಳೆಯ ಪುಟಕ್ಕೆ ಹೋಗಿ ನೋಡಿದ್ದರೆ ಮೇಲೆಯೇ ಆ ನಾಲ್ಕು ಸಾಲು ಕಾಣುತ್ತಿದ್ದವು. ಹೋಗಲಿಲ್ಲ. ಹೋಗದಿರುವುದೇ ನನ್ನ ಜಾಣತನವಾಗಿತ್ತಲ್ಲ.

ಜುಲೈ ಕೊನೆಯ ವಾರದ ಒಂದು ದಿನ ಫೋನು ಏಳೂವರೆಗೂ ಬಂತು, ಮತ್ತೆ ಹನ್ನೊಂದು ಗಂಟೆಗೂ ಬಂತು. ನಾನು ಗ್ರಂಥಾಲಯದಲ್ಲಿದ್ದೆ. ಹಿಂದೆ ಜನರ ಸದ್ದು ಕೇಳುತ್ತಿತ್ತು.

“ಬಾಯಾರ, ಇಲ್ಲೆ ಆಟೋದಾಗ ಮೈಕ್ ಹಚ್ಚಿ ಒದರಾಕತ್ತಾರ. ದಂಡಿ ಮ್ಯಾಲಿನವ್ರು ಹುಷಾರ್ ಇರ್ರಿ ಅಂತ. ನಮ್ಮ ಮಂದಿ ಮೋಟರ್ ಎತ್ತೂನು ಅನ್ನಾಕತ್ತಾರ. ನಿಮ್ಮ ಇಂಜಿನಿಯರ್ ಸಾಹೇಬ್ರು ಏನಂತಾರ, ಇನ್ನೊಮ್ಮೆ ನೋಡ್ರಿ.”

ನೋಡಿದೆ. ಅವರ ಹೆಸರಿನ ಪಕ್ಕ ಏನೂ ಇರಲಿಲ್ಲ.

“ಏನೂ ಬಂದಿಲ್ರಿ ಮಾಮಾ.”

“ಬಂದಿಲ್ಲ ಅಂದ್ರ ಏನೂ ಇಲ್ಲ ಅಂತ ತಿಳ್ಕೊಳ್ಳಲೇನ?”

“ಇದ್ರ ಅವರು ಬರೀದ ಇರ್ತಾರೇನ್ರಿ? ಜೀವಮಾನೆಲ್ಲ ನೀರಿನ ಲೆಕ್ಕದಾಗ ಕಳದವ್ರು. ಮೈಕಿನವ್ರು ವರ್ಷಾ ಒದರ್ತಾರ.”

“ಮೊಬೈಲಿನ್ಯಾಗೂ ಒಂದ್ ಬಂದೈತಿ. ಎಲ್ಲಾರೂ ತೋರಿಸಾಕತ್ತಾರ. ನಾಳೆ ಮುಂಜಾನಿಗೆ ನೀರ ಮೋಟರ್ ಮುಟ್ಟತೈತಿ ಅಂತ ಬರದಾರ.”

ಫಾರ್ವರ್ಡ್ ಎಂದರೆ ನನಗೆ ಮೈ ಉರಿಯುತ್ತಿತ್ತು. ಯಾರು ಬರೆದದ್ದು ಎಂದಿಲ್ಲ, ಯಾವಾಗ ಬರೆದದ್ದು ಎಂದಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಇಪ್ಪತ್ತು ವರ್ಷ ಪುಸ್ತಕಗಳ ನಡುವೆ ಇದ್ದವಳ ಸೊಕ್ಕು ಅದು.

“ಫಾರ್ವರ್ಡ್ ನಂಬಿ ಮೋಟರ್ ಎತ್ತತೀರೇನ್ರಿ? ಹ್ವಾದ ವರ್ಷ ಡ್ಯಾಮ್ ಒಡೀತು ಅಂತನೂ ಬಂದಿತ್ತಲ್ಲ.”

ಮಾಮಾ ನಕ್ಕ. “ಅದೂ ಖರೇನ. ಆತು ಬಿಡ್ರಿ, ಅರಿಷಿಣಕ್ಕ ಇನ್ನೊಂದ್ ದಿನ ನೀರ ಹಾಯಸ್ತೇನಿ” ಎಂದು ಫೋನಿಟ್ಟ. ನಾನು ಅವನಿಗೆ ಹೇಳಿದ ಕೊನೆಯ ಮಾತು ಒಡೆಯದ ಡ್ಯಾಮಿನ ಬಗ್ಗೆ.

ಸಾಲಿನ ಉಳಿದವರು ಆ ಸಲ ಅವನ ಮಾತು ಕೇಳಲಿಲ್ಲ. ಅಷ್ಟು ಜನರ ಮೊಬೈಲಿಗೆ ಒಂದೇ ಸುದ್ದಿ ಬಂದದ್ದು ಅವರನ್ನು ಅಲುಗಾಡಿಸಿತ್ತು. ಮಧ್ಯಾಹ್ನವೇ ಒಬ್ಬರಿಗೊಬ್ಬರು ಹೆಗಲು ಕೊಟ್ಟು ತಮ್ಮವನ್ನು ಎತ್ತಿಕೊಂಡರು. “ಬಾರಪ್ಪಾ, ನಿಂದೂ ಎತ್ತಿಬಿಡೂನು” ಎಂದು ಕರೆದರಂತೆ. ಮಾಮಾ ಅವರ ಮೋಟರುಗಳಿಗೆ ತನ್ನ ಹೆಗಲು ಕೊಟ್ಟ, ತನ್ನದಕ್ಕೆ ಮಾತ್ರ ಬೇಡವೆಂದ. ಅವರನ್ನು ಹೆದರುಪುಕ್ಕಲರೆಂದು ಗೇಲಿಯನ್ನೂ ಮಾಡಿದ. ಮುಯ್ಯಿ ಅವರ ಮೇಲೆ ಉಳಿಯಿತು.

ಮರುದಿನ ಬೆಳಿಗ್ಗೆ ಏಳೂವರೆಗೆ ಫೋನು ಬರಲಿಲ್ಲ. ಎಂಟಾಯಿತು. ನಾನೇ ಮಾಡಿದೆ, ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ಆದರೂ ಕಾಲೇಜಿಗೆ ಹೋಗಿ ಸಹಿ ಮಾಡಿ ಕೂತೆ. ಹತ್ತು ಗಂಟೆಗೆ ಅಕ್ಕನ ಮನೆಯ ಪಕ್ಕದವರ ಫೋನು ಬಂತು. ಅವರು ಅಳುತ್ತಿದ್ದರು. ಏನು ಹೇಳುತ್ತಿದ್ದಾರೆಂದು ತಿಳಿಯಲು ಮೂರು ಸಲ ಕೇಳಬೇಕಾಯಿತು.

ಆದದ್ದಿಷ್ಟು. ಬೆಳಕು ಹರಿಯುವ ಹೊತ್ತಿಗೆ ನೀರು ಮೋಟರಿನ ಬುಡಕ್ಕೆ ಬಂದಿತ್ತು. ದಂಡೆಯ ಮನೆಗಳವರು ಎಮ್ಮೆ, ಪೆಟ್ಟಿಗೆ, ಹಾಸಿಗೆ ಎಂದು ಟ್ರ್ಯಾಕ್ಟರಿಗೆ ಏರಿಸುವ ಗಡಿಬಿಡಿಯಲ್ಲಿದ್ದರು. ಹೆಗಲು ಕೊಡಲು ಒಬ್ಬರೂ ಇರಲಿಲ್ಲ, ಕರೆಯಲು ಮಾಮಾನಿಗೂ ಮುಖವಿರಲಿಲ್ಲ. ಹಗ್ಗ ತಗೊಂಡು ಒಬ್ಬನೇ ಹೋದ. ಜಾಲಿಮರಕ್ಕೆ ಹಗ್ಗ ಬಿಗಿದು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೋಲ್ಟು ಬಿಚ್ಚುತ್ತಿದ್ದುದನ್ನು ಸೇತುವೆಯ ಮೇಲಿದ್ದವರು ನೋಡಿದ್ದಾರೆ. ಅವರು ಕೂಗಿದರಂತೆ. ನೀರಿನ ಸದ್ದಿಗೆ ಅವನಿಗೆ ಕೇಳಿಸಿರಲಿಕ್ಕಿಲ್ಲ. ನಿಂತ ನೆಲವೇ ಮೋಟರಿನ ಸಮೇತ ಜರಿದು ಹೊಳೆಗೆ ಹೋಯಿತು.

ಮೂರು ದಿನ ಹುಡುಕಿದರು. ನಾಲ್ಕನೆಯ ದಿನ ಕೆಳಗೆ ಒಂದು ಕಬ್ಬಿನ ಹೊಲದ ಅಂಚಿಗೆ, ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡಿದ್ದವನು ಸಿಕ್ಕ. ಬೀಳಗಿಯ ಆಸ್ಪತ್ರೆಯಿಂದ ತಂದಾಗ ಮುಖ ತೋರಿಸಲಿಲ್ಲ. ಸೊಂಟದ ಉಡದಾರ ನೋಡಿ ಅಕ್ಕ ಹೌದೆಂದಳು. ಊರಲ್ಲಿ ನೀರು ನಿಂತಿದ್ದರಿಂದ ಎತ್ತರದ ಬೇರೆಯವರ ಹೊಲದಲ್ಲಿ ಮಣ್ಣು ಮಾಡಿದರು. ನಾನು ಅಕ್ಕನ ಪಕ್ಕ ಕೂತಿದ್ದೆ, ಅವಳ ಕೈ ಹಿಡಿದುಕೊಂಡು. ಆ ಕೈಯನ್ನು ಯಾವ ಹಕ್ಕಿನಿಂದ ಹಿಡಿದೆನೋ ತಿಳಿಯದು.

ರಜೆ ಮುಗಿಸಿ ಕೆಲಸಕ್ಕೆ ಹಿಂತಿರುಗಿದ ದಿನ ಮಧ್ಯಾಹ್ನ ಗ್ರಂಥಾಲಯದಲ್ಲಿ ಯಾರೂ ಇರಲಿಲ್ಲ. ಆಗ ಮೊದಲ ಸಲ ಆ ಹಳೆಯ ಪುಟಕ್ಕೆ ಹೋದೆ. ಆ ಮುದುಕರ ಮೇಲೆ ನನಗೆ ಸಿಟ್ಟಿತ್ತು. ಯಾಕೆ ಬರೆಯಲಿಲ್ಲ, ಎಲ್ಲಿ ಸತ್ತರು ಎಂದು ಬೈದುಕೊಂಡೇ ಹೋದೆ. ಮೇಲೆಯೇ ಆ ನಾಲ್ಕು ಸಾಲು. ಹೊಸ ವಿಳಾಸ ಒತ್ತಿದೆ. ಅಲ್ಲಿ ಅವರು ಒಂದು ದಿನವೂ ತಪ್ಪಿಸದೆ ಬರೆದಿದ್ದರು. ಜೂನ್ ನಡುವಿನಿಂದ ಹಿಡಿದು ಇಡೀ ಜುಲೈ. ಪುಟ ಇಳಿಸುತ್ತ ಇಳಿಸುತ್ತ ಮಾಮಾನ ಕೊನೆಯ ಫೋನು ಬಂದ ದಿನದ ಬರಹಕ್ಕೆ ಬಂದೆ. ಬೆಳಿಗ್ಗೆ ಏಳಕ್ಕೆ ಹಾಕಿದ್ದು. ಅದರ ನಡುವಿನ ಸಾಲುಗಳನ್ನು ಎಲ್ಲೋ ಓದಿದ್ದೇನೆ ಅನ್ನಿಸಿತು. ಗಲಗಲಿಯಲ್ಲಿ ಮಣ್ಣಿನ ದಿನ ಯಾರೋ ಮೊಬೈಲು ಹಿಡಿದು ತೋರಿಸಿದ ಫಾರ್ವರ್ಡ್ ಅದೇ. ಪುಣ್ಯಾತ್ಮರಾರೋ ಮುದುಕರದನ್ನು ಕನ್ನಡ ಮಾಡಿ, ಹೆಸರು ಬಿಟ್ಟು ಹಂಚಿದ್ದರು. ಅದನ್ನು ನಂಬಬೇಡ ಎಂದು ನಾನು ಮಾಮಾನಿಗೆ ಹೇಳಿದ್ದೆ.

ನನ್ನ ಕೆಲಸವೇ ಬಾರದ್ದನ್ನು ಗಮನಿಸುವುದು. ಗ್ರಂಥಾಲಯಕ್ಕೆ ಬರುವ ಪ್ರತಿ ಪತ್ರಿಕೆಗೂ ಒಂದು ಕಾರ್ಡು ಇದೆ. ಸಂಚಿಕೆ ಬಂದರೆ ಗೆರೆ, ಬಾರದಿದ್ದರೆ ಆ ಚೌಕ ಖಾಲಿ. ಮಾಸಪತ್ರಿಕೆಯೊಂದು ಹತ್ತು ದಿನ ತಡವಾದರೆ ನಾನು ಜ್ಞಾಪನ ಪತ್ರ ಬರೆಯುತ್ತೇನೆ, ಇದಕ್ಕಾಗಿ ಕಚೇರಿಯಲ್ಲಿ ನನ್ನನ್ನು ಪೀಡೆ ಎನ್ನುತ್ತಾರೆ. ಅಂಥ ನನಗೆ, ಹೆಚ್ಚುಕಡಿಮೆ ದಿನಾ ಬರುತ್ತಿದ್ದದ್ದು ಮಳೆಗಾಲದ ನಡುವೆ ನಲವತ್ತು ದಿನ ಬರದೇ ಇದ್ದದ್ದು ಕಾಣಲಿಲ್ಲ. ಫೀಡಿನಲ್ಲಿ ಖಾಲಿ ಚೌಕ ಇರುವುದಿಲ್ಲ. ಬಂದದ್ದಷ್ಟೇ ಕಾಣುತ್ತದೆ. ಬರೆಯುವುದು ಬಿಟ್ಟವರು, ಸತ್ತವರು, ಮನೆ ಬದಲಿಸಿದವರು, ಹೇಳಲು ಏನೂ ಇಲ್ಲದೆ ಸುಮ್ಮನಿದ್ದವರು, ಎಲ್ಲರೂ ಅಲ್ಲಿ ಒಂದೇ ಥರ. ಇದು ನನಗೆ ಹೊಳೆಯಬೇಕಿತ್ತು. ಯಂತ್ರದ ಮೇಲೆ ತಪ್ಪು ಹೊರಿಸಿ ಹಗುರಾಗುವ ಆಸೆ ಬಂದಾಗಲೆಲ್ಲ ಆ ಗುಂಡಿ ಒತ್ತಿದ ಬೆರಳು ನನ್ನದೇ ಎಂದು ಹೇಳಿಕೊಳ್ಳುತ್ತೇನೆ.

ಅಕ್ಕನಿಗೆ ಹೇಳಲಿಲ್ಲ. ದಿನಕರ್ಮ ಮುಗಿಯಲಿ ಎಂದುಕೊಂಡೆ, ಆಮೇಲೆ ತಿಂಗಳು ಕಳೆಯಲಿ ಎಂದುಕೊಂಡೆ. ಆಮೇಲೆ, ಹೇಳಿ ಅವಳ ಸಂಕಟ ಯಾಕೆ ಹೆಚ್ಚಿಸಲಿ ಎಂದು ನನಗೆ ನಾನೇ ಒಳ್ಳೆಯವಳಾದೆ. ಖರೆ ಹೇಳಬೇಕೆಂದರೆ ಹೆದರಿಕೆ. ಅವ್ವ ಹೋದ ಮೇಲೆ ನನಗೆ ಉಳಿದದ್ದು ಅಕ್ಕನೊಬ್ಬಳೇ. ಅವಳು ಮುಖ ತಿರುಗಿಸಿದರೆ ನಾನು ಯಾರ ಮನೆಯ ಹೊಸ್ತಿಲು ತುಳಿಯಲಿ? ಜನ ಮಾಮಾನದೇ ಹಟವೆಂದು ಮಾತಾಡಿಕೊಂಡರು. ಊರೆಲ್ಲ ಎತ್ತಿದರೂ ಎತ್ತದವನು, ಮೋಟರಿನ ಆಸೆಗೆ ನೀರಿಗಿಳಿದವನು. ನನ್ನೆದುರಿಗೇ ಹಾಗೆಂದರು. ನಾನು ತಲೆ ತಗ್ಗಿಸಿ ಕೂತೆ. ಸತ್ತವನ ಮೇಲೆ ನನ್ನ ತಪ್ಪು ಕೂರುತ್ತಿದ್ದರೂ ಬಾಯಿ ಬಿಡಲಿಲ್ಲ.

ಮುಂದಿನ ಬೇಸಿಗೆಯವರೆಗೂ ಇದು ನಡೆಯಿತು. ಅಕ್ಕ ಅಷ್ಟರಲ್ಲಿ ದಂಡೆಯ ಮನೆ ಬಿಟ್ಟು ಮೇಲಿನ ಪ್ಲಾಟಿನ ಎರಡು ಕೋಣೆಗಳಿಗೆ ಬಂದಿದ್ದಳು. ಒಂದು ರವಿವಾರ ಮಧ್ಯಾಹ್ನ ಹೋದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೆರೆಮನೆಯ ಹೆಂಗಸೊಬ್ಬಳು ಬಂದು, ಮಾತಿಗೆ ಮಾತು ಬಂದು, “ನಿಮ್ಮವ್ರದ ಹಟಾ ಭಾಳ ಆತು ನೋಡ್ರಿ” ಎಂದು ಹೇಳಿ ಹೋದಳು. ಕಲ್ಲು ಆರಿಸುತ್ತಿದ್ದ ಅಕ್ಕನ ಬೆರಳುಗಳು ನಿಂತವು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ಅವರದಲ್ಲ ಹಟಾ. ನಂದ ತಪ್ಪ” ಎಂದೆ. ಎಲ್ಲ ಹೇಳಿದೆ. ಸಮಿತಿ, ಆರು ನೂರು, ಗುಂಡಿ, ಹೊಸ ವಿಳಾಸ, ಫಾರ್ವರ್ಡ್. ಅವಳಿಗೆ ಫೀಡು ಗೀಡು ತಿಳಿಯದು, ಆದರೂ ಒಂದನ್ನೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ. ಹೇಳಿ ಮುಗಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟಳು.

“ಅವತ್ತ ಸಂಜಿಮುಂದ ನಾ ಅರಬಿ ಒಗ್ಯಾಕ ಹೊಳಿಗೆ ಹೋಗಿದ್ನಿ” ಎಂದಳು. “ಮುಂಜಾನಿ ಕಂಡ ಘಾಟಿನ ನಾಕ ಪಾವಟಿಗಿ ಸಂಜಿಗೆ ನೀರಾಗ ಮುಳಗಿದ್ವು. ನೀರೂ ಕೆಂಪಾಗಿತ್ತು. ಮನಿಗೆ ಬಂದು ಹೇಳಿದೆ. ‘ನಿನ್ನ ತಂಗಿ ನೋಡ್ಯಾಳ, ನೀ ಯಾಕ ಹೆದರ್ತಿ’ ಅಂದ್ರು. ನಾನೂ ಹೌದಲ್ಲ ಅಂತ ಸುಮ್ಮಾದೆ. ಕಣ್ಣಿಲೆ ನೋಡಿದ್ನೆವ್ವಾ ನಾ” ಎಂದಳು.

ಅಷ್ಟು ತಿಂಗಳೂ ಅವಳು ಅದನ್ನು ಹೊತ್ತುಕೊಂಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಮಾತು ಅವಳ ಕಣ್ಣನ್ನೂ ಸುಳ್ಳು ಮಾಡಿತ್ತು. ಕ್ಷಮಿಸು ಎನ್ನಲು ಬಾಯಿ ತೆರೆದೆ, ಅವಳು ಕೈ ಅಡ್ಡ ಹಿಡಿದಳು.

“ಆ ಮನಷ್ಯಾ ಅವತ್ತ ಏನ ಬರದಿದ್ದ?”

“ಈಗ್ಯಾಕಕ್ಕಾ ಅದು...”

“ಓದ. ಅವರಿಗೆ ಫೋನಿನ್ಯಾಗ ಓದತಿದ್ದೆಲ್ಲ, ಹಂಗ ಓದ.”

ಮೊಬೈಲು ತೆಗೆದೆ. ಆ ಪುಟ ಹುಡುಕಬೇಕಾಗಿರಲಿಲ್ಲ, ಅದು ತೆರೆದೇ ಇರುತ್ತಿತ್ತು. ಮರಾಠಿ ಸಾಲು ನೋಡುತ್ತ ಕನ್ನಡದಲ್ಲಿ ಓದತೊಡಗಿದೆ. “ಘಟ್ಟದಾಗ ಎರಡು ದಿನದಿಂದ ಮಳಿ ಬಿಟ್ಟಿಲ್ಲ ಅಂತ್ರಿ. ನಿನ್ನೆ ಸಂಜಿಯಿಂದ ನೀರ ಬಿಡೂದು ಹೆಚ್ಚ ಮಾಡ್ಯಾರಂತ. ನಾಳೆ ಮುಂಜಾನಿಗೆ ಕೆಳಗಿನ ದಂಡಿ ಮ್ಯಾಲಿನ ಮೋಟರ್ ಮುಟ್ಟತೈತಂತ. ಇವತ್ತ ಎತ್ತರಿ, ನಾಳೆ ಅನಬ್ಯಾಡ್ರಿ ಅಂತ ಬರದಾರ...” ಅಷ್ಟಕ್ಕೆ ಮೊಬೈಲು ಮಡಿಲಿಗಿಟ್ಟೆ.

“ಪೂರಾ ಓದ.”

“ಮೋಟರ್ ಹ್ವಾದ್ರ ಇನ್ನೊಂದು ಸಿಗತೈತಿ. ನೀರ ಮುಟ್ಟಿದ ಮ್ಯಾಲೆ ಅದರ ಹಂತ್ಯಾಕ ಯಾರೂ ಹೋಗಬ್ಯಾಡ್ರಿ. ನೆಲಾ ಜರೀತೈತಿ.”

“ಹಂಗಂತ ಬರದಿದ್ನ?”

“ಹೂಂ.”

ಅಕ್ಕ ಮೊರ ಎತ್ತಿಕೊಂಡು ಎದ್ದಳು. ಒಳಗೆ ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ಬೈಗುಳದ ದನಿ ಅದಾಗಿರಲಿಲ್ಲ, ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ತಿಳಿಸುವ ಹಾಗೆ ಹೇಳಿದಳು:

“ನೀ ಓದಿ ಹೇಳಿದ್ರ ಅವರು ಹೋಗತಿದ್ದಿಲ್ಲ.”